ಹಳೇ ಯುದ್ಧದ ಸಿನಿಮಾಗಳಲ್ಲಿ ಸಿಪಾಯಿಗಳ ಕೈಲಿರೋ ಕೋವಿ ನಿಜಕ್ಕೂ ಯಾವ್ದು? ಗುರುತು ಹಿಡಿಯೋದು ಹೇಗೆ?

ಒಂಟಿಕೊಪ್ಪಲ್ ಹುಡ್ಗ
ನಮಸ್ಕಾರ ಎಲ್ರಿಗೂ. ಹೋದ ಭಾನುವಾರ ಮಳೆ ಬಿಡ್ಲಿಲ್ಲ ಅಂತ ಮನೇಲೇ ಕೂತು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೇಲಿರೋ ಒಂದು ಕಪ್ಪು-ಬಿಳುಪು ಹಾಲಿವುಡ್ ಸಿನಿಮಾ ನೋಡ್ದೆ. ಕಥೆ 1776ರದ್ದು, ಕೆಂಪು ಕೋಟಿನ ಬ್ರಿಟಿಷ್ ಸಿಪಾಯಿಗಳು ಸಾಲಾಗಿ ನಿಂತು ಗುಂಡು ಹಾರಿಸ್ತಾರೆ. ಆಗ ಅವರ ಹತ್ರ ಇದ್ದಿದ್ದು ಬ್ರೌನ್ ಬೆಸ್ ಅನ್ನೋ ಮಸ್ಕೆಟ್, ಅಂದ್ರೆ ನಳಿಗೆ ಬಾಯಿಂದ ಮದ್ದು ತುಂಬೋ ಚಕಮಕಿ ಕೋವಿ ಅಂತ ಓದಿದೀನಿ, ಫೋಟೋನೂ ನೋಡಿದೀನಿ. ಆದ್ರೆ ಸಿನಿಮಾದಲ್ಲಿ ಇರೋದು ಬೇರೆ ಥರ ಕಾಣ್ಸುತ್ತೆ. ನಳಿಗೆ ಮರಕ್ಕೆ ಎರಡು ಕಬ್ಬಿಣದ ಪಟ್ಟಿಯಲ್ಲಿ ಬಿಗಿದಿದೆ, ನಳಿಗೆಯ ಹಿಂದಿನ ತುದೀಲಿ ಒಂದು ಮುಚ್ಚಳದ ಥರ ಉಬ್ಬು ಇದೆ, ಆದ್ರೂ ಚಕಮಕಿ ಕಲ್ಲು ಕಚ್ಚೋ ಕುದುರೆ (ಟ್ರಿಗರ್ ಎಳೆದ್ರೆ ಬಂದು ಬಡಿಯೋ ತುಂಡು) ಇದೆ. ನಿಲ್ಸಿ ನಿಲ್ಸಿ ನಾಲ್ಕು ಫ್ರೇಮ್ ತೆಗೆದು ಹಾಕಿದೀನಿ. ಇದೇನು, ನಾನು ನೋಡದೇ ಇರೋ ಮಾಡೆಲ್ಲಾ?

ಜರ್ಸಿ ಕನ್ನಡಿಗ
ನಿಮ್ ಎರಡನೇ ಫ್ರೇಮ್ ನೋಡ್ತಿದ್ದಂಗೆ ಗೊತ್ತಾಯ್ತು. ಅದು ಮಸ್ಕೆಟ್ಟೇ ಅಲ್ಲ, ಟ್ರಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್, 1873ರ ಮಾಡೆಲ್. ಅಂದ್ರೆ ಕಥೆಗಿಂತ ಸುಮಾರು ನೂರು ವರ್ಷ ಆಮೇಲಿನ ರೈಫಲ್. ಆ ಉಬ್ಬು ಇದೆಯಲ್ಲ ಅದೇ ಟ್ರಾಪ್‌ಡೋರು, ನೆಲಮಾಳಿಗೆ ಮುಚ್ಚಳದ ಥರ ಮುಂದಕ್ಕೆ ಎತ್ತಿದ್ರೆ ತೆರ್ಕೊಳ್ಳುತ್ತೆ, ಹಿಂದಿನಿಂದ ಹಿತ್ತಾಳೆ ತೋಟಾ ಹಾಕಿ ಮುಚ್ಚೋದು.

ಇದು ಹಾಲಿವುಡ್‌ಗೆ ಹೇಗೆ ಬಂತು ಅಂದ್ರೆ, 1898ರ ಸ್ಪೇನ್ ಯುದ್ಧದಲ್ಲಿ ಅಮೆರಿಕದ ವಾಲಂಟಿಯರ್ ರೆಜಿಮೆಂಟುಗಳು ಇನ್ನೂ ಇದನ್ನೇ ಹೊತ್ತಿದ್ವು, ಅದಾದ್ಮೇಲೆ ಸೈನ್ಯಕ್ಕೆ ಬೇಡವಾಗಿ ರಾಶಿ ರಾಶಿ ಸರ್ಪ್ಲಸ್ಸಿಗೆ ಬಂತು, ನ್ಯೂಯಾರ್ಕಿನ ಬ್ಯಾನರ್‌ಮನ್ ಅಂಗಡಿಯಂಥವರು ಅಗ್ಗಕ್ಕೆ ಮಾರಿದ್ರು. ಸಿನಿಮಾದವರಿಗೆ ನೂರಾರು ಕೋವಿ ಒಟ್ಟಿಗೆ ಬೇಕು, ನಿಜವಾದ ಚಕಮಕಿ ಮಸ್ಕೆಟ್ ಅಷ್ಟು ಸಿಗಲ್ಲ, ಸಿಕ್ಕಿದ್ರೂ ಗೊತ್ತಿಲ್ಲದ ಎಕ್ಸ್‌ಟ್ರಾಗಳ ಕೈಗೆ ಬಿಡಿ ಮದ್ದು ಕೊಡೋದು ಅಪಾಯ. ಟ್ರಾಪ್‌ಡೋರಿಗೆ ಖಾಲಿ ತೋಟಾ ಹಾಕಿದ್ರೆ ಪ್ರತೀ ಸಲ ಢಂ ಅನ್ನುತ್ತೆ, ಮಳೇಲೂ ಅನ್ನುತ್ತೆ. ಅದಕ್ಕೆ ಕುದುರೆಗೆ ಕಲ್ಲು ಕಚ್ಚೋ ದವಡೆ ಥರ ಒಂದು ತುಂಡು ಕೂರಿಸಿ, ಲಾಕ್ ಪ್ಲೇಟಿನ (ಕುದುರೆ ಕೂರೋ ಪಕ್ಕದ ತಗಡಿನ) ಮೇಲೆ ಸುಳ್ಳು ಉಕ್ಕಿನ ತಗಡು ನಿಲ್ಸಿ, ದೂರದಿಂದ ಚಕಮಕಿ ಕೋವಿ ಅನ್ನಿಸೋ ಹಾಗೆ ಮಾಡ್ತಿದ್ರು. ಹಳೇ ಹಾಲಿವುಡ್ ಸಿನಿಮಾಗಳಲ್ಲಿ ಇದು ಎಷ್ಟು ಕಾಮನ್ ಅಂದ್ರೆ ನಾನು ಈಗ ಮೊದ್ಲು ನೋಡೋದೇ ಆ ಉಬ್ಬನ್ನ.

ಧಾರವಾಡ ಮಳಿ
ಭಾಳ ಚಲೋ ಹೇಳಿದ್ರಿ. ಆದ್ರ ನನಗೊಂದು ಡೌಟ್ ಅದ. ಪಟ್ಟಿ ಇದ್ರ ಬ್ರೌನ್ ಬೆಸ್ ಅಲ್ಲ ಅಂತ ಹೆಂಗ್ ಹೇಳೋದು? ಪಟ್ಟಿ ಇಲ್ಲದ ನಳಿಗಿ ಮರಕ್ಕ ಹೆಂಗ ನಿಲ್ಲತದ?

ಜರ್ಸಿ ಕನ್ನಡಿಗ
ಒಳ್ಳೇ ಪ್ರಶ್ನೆ. ಬ್ರೌನ್ ಬೆಸ್‌ನಲ್ಲಿ ನಳಿಗೆಯ ಕೆಳಗೆ ಸಣ್ಣ ಸಣ್ಣ ಕೊಂಡಿ ಇರುತ್ತೆ, ಮರದ ಪಕ್ಕದಿಂದ ಆ ಕೊಂಡಿಯೊಳಗೆ ತೆಳ್ಳನೆ ಪಿನ್ನು ತೂರಿಸಿ ಬಿಗೀತಾರೆ. ಹೊರಗಿಂದ ನೋಡಿದ್ರೆ ಉದ್ದಕ್ಕೂ ನುಣ್ಣಗೆ ಮರ, ಅಲ್ಲಲ್ಲಿ ಪಿನ್ನಿನ ಚುಕ್ಕಿ ಅಷ್ಟೇ. ಫ್ರೆಂಚರ ಶಾರ್ಲ್‌ವಿಲ್ ಮಸ್ಕೆಟ್ಟಲ್ಲಿ ಮೂರು ಪಟ್ಟಿ. ಪಟ್ಟಿ ಜಾರಿಸಿದ್ರೆ ನಳಿಗೆ ಬಿಚ್ಚಿ ಬರುತ್ತೆ, ತೊಳೆಯೋದು ಸುಲಭ. ಹಾಗಾಗಿ ಆ ಕಾಲದ ಸಿನಿಮಾದಲ್ಲಿ ದೂರದ ಶಾಟ್ ಆದ್ರೂ ಪಟ್ಟಿ ಹೊಳೀತಿದೆಯಾ ಅಂತ ನೋಡಿದ್ರೆ ಬ್ರಿಟಿಷ್ ಮಾದರೀನೋ ಫ್ರೆಂಚ್ ಮಾದರೀನೋ ಅಂತ ಅರ್ಧ ಕೆಲಸ ಮುಗೀತು. ಗುಂಡಿನ ಅಳತೇನೂ ಬೇರೆ, ಬ್ರೌನ್ ಬೆಸ್ಸಿನ ನಳಿಗೆ ಬಾಯಿ .75 ಇಂಚು, ಶಾರ್ಲ್‌ವಿಲ್‌ದು .69. ಆದ್ರೆ ಅದು ಪರದೆ ಮೇಲೆ ಕಾಣಲ್ಲ ಬಿಡಿ.

ಇನ್ನು ಬ್ರೌನ್ ಬೆಸ್ ಅನ್ನೋದು ಒಂದೇ ಕೋವಿ ಅಲ್ಲ, ಒಂದು ವಂಶ. ಮೊದಲನೇದು ಲಾಂಗ್ ಲ್ಯಾಂಡ್, ನಳಿಗೆ 46 ಇಂಚು. 1768ರಿಂದ ಶಾರ್ಟ್ ಲ್ಯಾಂಡ್, 42 ಇಂಚು. ಆಮೇಲೆ 39 ಇಂಚಿನ ಇಂಡಿಯಾ ಪ್ಯಾಟರ್ನ್. ಇದರ ಹೆಸ್ರಲ್ಲೇ ನಮ್ ಕಥೆ ಇದೆ, ಯಾಕಂದ್ರೆ ಈ ಚಿಕ್ಕ ನಳಿಗೆ ಕೋವಿ ಮೊದ್ಲು ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆ ಅಂತ ಮಾಡಿಸ್ತಿದ್ದಿದ್ದು. ಫ್ರಾನ್ಸ್ ಜೊತೆ ಯುದ್ಧ ಜೋರಾಗಿ ಕೋವಿ ಸಾಲದೆ ಬಂದಾಗ ಬ್ರಿಟಿಷ್ ಸರ್ಕಾರ ಕಂಪನಿ ದಾಸ್ತಾನಿಂದ ತಗೊಂಡು, 1797ರಲ್ಲಿ ಅದನ್ನೇ ತನ್ನ ಸೈನ್ಯದ ಮಾದರಿ ಮಾಡ್ಕೊಳ್ತು. ಅಗ್ಗ, ಬೇಗ ಮಾಡಬಹುದು. ನೆಪೋಲಿಯನ್ ವಿರುದ್ಧ ಹೋರಾಡಿದ ಬ್ರಿಟಿಷ್ ಸಿಪಾಯಿ ಕೈಲಿದ್ದಿದ್ದು ಬಹುಪಾಲು ಇದೇ.

ಕೇಪಿನ ಕೋವಿ
ಮೂಡಿಗೆರೆ ಕಡೆಯವ ನಾನು. ನಮ್ಮನೇಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ, ಲೈಸೆನ್ಸ್ ಈಗ ಅಪ್ಪನ ಹೆಸ್ರಲ್ಲಿ. ಮ್ಯೂಸಿಯಂ ಜ್ಞಾನ ನಂಗಿಲ್ಲ ಮಾರಾಯ್ರೆ, ಕೈಯಲ್ಲಿ ಹಿಡ್ದ ಅನುಭವ ಹೇಳ್ತೀನಿ.

ಸಿನಿಮಾದಲ್ಲಿ ಕೋವಿ ನೋಡ್ಬೇಡಿ, ಹೊಗೆ ನೋಡಿ. ಚಕಮಕಿ ಕೋವಿಯಲ್ಲಿ ಎರಡು ಕಡೆ ಹೊಗೆ ಬರ್ಬೇಕು. ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಬಿದ್ದು ಬಟ್ಟಲಲ್ಲಿರೋ ರಂಜಕ, ಅಂದ್ರೆ ಹೊತ್ತಿಸೋ ಚೂರು ಮದ್ದು, ಮೊದ್ಲು ಉರಿಯತ್ತೆ, ಆ ಹೊಗೆ ಹೊಡೆಯೋನ ಮುಖದ ಪಕ್ಕದಲ್ಲೇ ಏಳತ್ತೆ, ಆಮೇಲೆ ಬೆಂಕಿ ಸಣ್ಣ ತೂತಿಂದ ಒಳಗೆ ಹೋಗಿ ನಳಿಗೆ ಬಾಯಲ್ಲಿ ಎರಡನೇ ಹೊಗೆ. ನಡುವೆ ಒಂದು ಕ್ಷಣದ ಅಂತರ ಇರತ್ತೆ. ನಮ್ಮ ಕೇಪಿನ ಕೋವೀಲಿ ರಂಜಕದ ಬಟ್ಟಲೇ ಇಲ್ಲ, ಒಂದು ಮೊಲೆಯ ಥರ ಇರತ್ತೆ, ಅದರ ಮೇಲೆ ಕುಟ್ಟಿದ್ರೆ ಸಿಡಿಯೋ ತಾಮ್ರದ ಕೇಪು ಕೂರಿಸೋದು, ಕುದುರೆ ಬಂದು ಕುಟ್ಟಿದ ತಕ್ಷಣ ಢಂ. ಅಂತರ ಗೊತ್ತಾಗಲ್ಲ. ಹಾಗಾಗಿ ಸಿಪಾಯಿ ಕೆನ್ನೆ ಪಕ್ಕ ಹೊಗೆ ಏಳದೆ ಬರೀ ಮುಂದ್ಗಡೆ ಮಾತ್ರ ಬಂತು ಅಂದ್ರೆ ಅದು ಕೇಪಿಂದೋ, ತೋಟಾದ್ದೋ, ಇಲ್ಲಾ ಕಂಪ್ಯೂಟ್ರಲ್ಲಿ ಹಾಕಿದ ಹೊಗೆಯೋ.

ಇನ್ನೊಂದು, ಭುಜ ನೋಡಿ. ಗುಂಡಿಲ್ಲದೆ ಬರೀ ಮದ್ದು ಹೊಡೆದ್ರೆ ಕೋವಿ ಹಿಂದಕ್ಕೆ ಒದೆಯೋದೇ ಇಲ್ಲ ಅನ್ನೋಷ್ಟು ಕಮ್ಮಿ.

ಒಂಟಿಕೊಪ್ಪಲ್ ಹುಡ್ಗ
ಹೊಗೆ ವಿಷ್ಯ ಹೇಳಿದ್ದು ಅದ್ಭುತ ಸಾರ್, ಈಗ ಮತ್ತೆ ಹಾಕಿ ನೋಡ್ತಿದೀನಿ. ಒಂದೂ ಶಾಟಲ್ಲಿ ಮುಖದ ಪಕ್ಕ ಹೊಗೆ ಇಲ್ಲ!! ಇನ್ನೊಂದು ಗಮನಿಸ್ದೆ, ಯಾರೂ ಗಜ (ನಳಿಗೆಯೊಳಗೆ ಮದ್ದು ಗುಂಡು ಜಡಿಯೋ ಸರಳು) ಹಾಕಿ ಜಡಿಯೋದನ್ನ ಪೂರ್ತಿ ತೋರ್ಸಲ್ಲ.

ಜರ್ಸಿ ಕನ್ನಡಿಗ
ಅದಕ್ಕೆ ಕಾರಣ ಇದೆ. ಇಲ್ಲಿ ನ್ಯೂಜರ್ಸಿಯಲ್ಲಿ ನಾನು ಇತಿಹಾಸ ಮರುಪ್ರದರ್ಶನದ ಒಂದು ಗುಂಪಲ್ಲಿ ಇದೀನಿ, ನಮ್ಮಲ್ಲಿ ಅಣಕು ಯುದ್ಧದ ಮೈದಾನದಲ್ಲಿ ಗಜ ಹೊರಗೆ ತೆಗೆಯೋದೇ ನಿಷೇಧ. ಆತುರದಲ್ಲಿ ಒಳಗೇ ಬಿಟ್ಟು ಟ್ರಿಗರ್ ಎಳೆದ್ರೆ ಗಜ ಈಟಿ ಥರ ಎದುರಿನವನ ಎದೆಗೆ ಹೋಗುತ್ತೆ. ಹಾಗಾಗಿ ಪರದೆ ಮೇಲೆ ಗಜ ಬಳಸದೇ ಇದ್ರೆ ಅದನ್ನ ತಪ್ಪು ಅಂತ ಎಣಿಸ್ಬೇಡಿ, ಅದು ಜೀವದ ಪ್ರಶ್ನೆ. ನಿಜವಾದ ಯುದ್ಧದಲ್ಲಿ ಪಳಗಿದ ಸಿಪಾಯಿ ತೋಟಾದ ಕಾಗದ ಹಲ್ಲಲ್ಲಿ ಕಚ್ಚಿ ಹರಿದು, ಬಟ್ಟಲಿಗೆ ಒಂಚೂರು, ಮಿಕ್ಕಿದ್ದು ನಳಿಗೆಗೆ, ಮೇಲೆ ಗುಂಡು, ಗಜದಲ್ಲಿ ಜಡಿದು ನಿಮಿಷಕ್ಕೆ ಮೂರು ಸಲ ಹೊಡೀತಿದ್ದ.

ನನ್ನ ಹತ್ರ ಎರಡು ಇದೆ. ಒಂದು ಇಟಲಿಯ ಪೆಡೆರ್ಸೋಲಿ ಮಾಡಿರೋ ಶಾರ್ಟ್ ಲ್ಯಾಂಡ್ ನಕಲು. ಅದರ ಲಾಕ್ ಪ್ಲೇಟ್ ಮೇಲೆ ಗ್ರೈಸ್ 1762 ಅಂತ ಕೆತ್ತಿರುತ್ತೆ, ಪ್ರತಿಯೊಂದರ ಮೇಲೂ ಅದೇ ಹೆಸ್ರು ಅದೇ ಇಸವಿ. ಈಗಿನ ಕಲರ್ ಸಿನಿಮಾಗಳಲ್ಲಿ ಕ್ಲೋಸಪ್ ಬಂದಾಗ ಆ ಅಕ್ಷರ ಕಂಡ್ರೆ ಇಟಲಿ ಕಾರ್ಖಾನೆದು ಅಂತ ಕಣ್ಮುಚ್ಚಿ ಹೇಳಬಹುದು. ಇನ್ನೊಂದು ನಮ್ಮ ಭಾರತದಲ್ಲೇ ಮಾಡಿದ್ದು, ಮರ ಕಪ್ಪಗೆ, ಸ್ವಲ್ಪ ದಪ್ಪ ಕೆಲಸ. ಇವು ಇಲ್ಲಿಗೆ ಬರುವಾಗ ಕಿಡಿ ಒಳಗೆ ಹೋಗೋ ತೂತನ್ನ ಕೊರೆದೇ ಇರಲ್ಲ, ತೂತಿಲ್ಲದಿದ್ರೆ ಅದು ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ, ಅಲಂಕಾರದ ವಸ್ತು. ಇಂಗ್ಲೆಂಡಿನವನ ಕೋವಿಯ ನಕಲನ್ನ ನಮ್ಮ ದೇಶದ ಕುಶಲಕರ್ಮಿ ಮಾಡಿ, ಅದನ್ನ ನಾನು ನ್ಯೂಜರ್ಸಿಯಲ್ಲಿ ಕೆಂಪು ಕೋಟು ಹಾಕ್ಕೊಂಡು ಹಿಡ್ಕೊಂಡು ನಿಲ್ಲೋದು, ಅದನ್ನ ಎತ್ತಿಕೊಂಡಾಗೆಲ್ಲ ಊರು ನೆನಪಾಗುತ್ತೆ.

ಆರ್ಟ್ ಡಿಪಾರ್ಟ್‌ಮೆಂಟ್
ನಾನು ಸೀರಿಯಲ್ಲು ಸಿನಿಮಾಗಳಿಗೆ ಪ್ರಾಪರ್ಟಿ (ಪಾತ್ರಧಾರಿಗಳ ಕೈಗೆ ಕೊಡೋ ಸಾಮಾನು) ಮಾಡೋನು, ಹದಿನಾರು ವರ್ಷ ಆಯ್ತು. ಸಂಸ್ಥೆಗಳ ಹೆಸ್ರು ಹೇಳಲ್ಲ.

ನಮ್ಮಲ್ಲಿ ಹೇಗಾಗತ್ತೆ ಹೇಳ್ತೀನಿ. ಒಂದು ಹಳೇ ಕೋವಿ ಎಲ್ಲಿಂದಲೋ ತಂದು ಅಚ್ಚು ತೆಗೀತೀವಿ, ಆ ಅಚ್ಚಲ್ಲಿ ಫೈಬರ್‌ದು ಐವತ್ತೋ ನೂರೋ ಎರಕ ಹೊಯ್ದು ಬಣ್ಣ ಹೊಡೀತೀವಿ. ಮುಂದಿನ ಸಾಲಿನವರಿಗೆ ಮರ, ಕಬ್ಬಿಣದ್ದು ನಾಲ್ಕೈದು, ಹಿಂದಿನವರಿಗೆಲ್ಲ ಫೈಬರ್. ಆ ಒಂದು ಅಚ್ಚು ಯಾವುದರದ್ದೋ ಅದೇ ಮುಂದಿನ ಹತ್ತು ವರ್ಷ ಎಲ್ಲಾ ಕಥೆಗೂ. ನಾನು ಕೆಲಸ ಕಲಿತ ಜಾಗದಲ್ಲಿ ಇದ್ದ ಅಚ್ಚು 1853ರ ಎನ್‌ಫೀಲ್ಡ್‌ದು, ಅದು ಕೇಪಿನ ಕೋವಿ, ಮೂರು ಪಟ್ಟಿ, ಹಿಂದ್ಗಡೆ ಮೇಲೆ ಏಣಿ ಥರ ಎದ್ದು ನಿಲ್ಲೋ ಗುರಿಪಟ್ಟಿ. 1857ರ ಕಥೆಗೆ ಅದು ಸರಿ, ದನದ ಹಂದಿಯ ಕೊಬ್ಬಿನ ತೋಟಾ ಗಲಾಟೆ ಎದ್ದಿದ್ದೇ ಆ ಎನ್‌ಫೀಲ್ಡಿಗೆ. ಆದ್ರೆ ಅದನ್ನೇ 1799ರ ಟಿಪ್ಪು ಕಥೆಗೂ ಕೊಟ್ವಿ, 1824ರ ಕಿತ್ತೂರು ಕಥೆಗೂ ಕೊಟ್ವಿ. ನಾನು ಒಂದ್ಸಲ ಹೋಗಿ ಸಾರ್ ಈ ಕಾಲಕ್ಕೆ ಕಲ್ಲಿನ ಕುದುರೆ ಬೇಕು, ನಾಲ್ಕು ದಿನ ಕೊಡಿ ಮಾಡ್ಕೊಡ್ತೀನಿ ಅಂದೆ, ಯಾರ್ರೀ ನೋಡ್ತಾರೆ ಅಂದ್ರು. ಈ ಚರ್ಚೆ ಓದಿದ್ಮೇಲೆ ನೋಡೋರು ಇದ್ದಾರೆ ಅಂತ ಗೊತ್ತಾಯ್ತು, ಅದಕ್ಕೇ ಬರೀತಿದೀನಿ.

ಮದ್ದಿನ ವಿಷ್ಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಇಲ್ಲ, ನಿಜವಾದ ಚಕಮಕಿ ಕಿಡಿ ಸೆಟ್ಟೊಳಗೆ ಬೇಡವೇ ಬೇಡ. 1989ರ ಫೆಬ್ರವರಿಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸೀರಿಯಲ್ ಶೂಟಿಂಗ್ ಟೈಮಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಹೋದ್ರು. ನಮ್ಮ ಕೆಲಸದಲ್ಲಿ ಇರೋರು ಯಾರೂ ಅದನ್ನ ಮರೆಯಲ್ಲ. ಆಕಾರ ಸರಿ ಮಾಡೋಣ, ಹೊಗೆ ಆಮೇಲೆ ಕಂಪ್ಯೂಟ್ರಲ್ಲಿ ಹಾಕ್ಲಿ, ಆದ್ರೆ ಕೆನ್ನೆ ಪಕ್ಕಾನೂ ಹಾಕ್ಲಿ.

ಧಾರವಾಡ ಮಳಿ
ಆರ್ಟ್ ಡಿಪಾರ್ಟ್‌ಮೆಂಟ್ ಅಣ್ಣಾರ, ನೀವು ಹೇಳಿದ್ದು ಓದಿ ಹೊಟ್ಟಿ ಉರೀತು ನೋಡ್ರಿ. ಕಿತ್ತೂರಿನ ಕತಿ ನಮಗ ಬರೇ ಸಿನಿಮಾ ಅಲ್ಲ. 1824ರ ಅಕ್ಟೋಬರ್ 23ಕ್ಕ ಕೋಟಿ ಬಾಗಲದಾಗ ಕಂಪನಿ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಗುಂಡಿನಿಂದ, ಅಮಟೂರ ಬಾಳಪ್ಪ ಹೊಡದದ್ದು ಅಂತ ಸಣ್ಣ ಹುಡುಗರೂ ಹೇಳತಾರ. ಹಂಗಾದ್ರ ಆ ಒಂದು ಗುಂಡು ಹಾರಿಸಿದ ಬಂದೂಕು ಹೆಂಗಿತ್ತು ಅನ್ನೋದು ಮುಖ್ಯ ಅಲ್ಲೇನು? ಆಗ ಕೇಪು ಕಂಪನಿ ಸೈನ್ಯಕ್ಕ ಬಂದಿದ್ದಿಲ್ಲ, ಬ್ರಿಟಿಷರು ಕೇಪಿನ ಮಸ್ಕೆಟ್ ತಗೊಂಡಿದ್ದು 1830ರ ದಶಕದ ಕಡೀಗೆ. ರಾಯಣ್ಣನ್ನ ನಂದಗಡದಾಗ ಗಲ್ಲಿಗೆ ಹಾಕಿದ್ದು 1831ರ ಜನವರಿ 26ಕ್ಕ, ಅಂದ್ರ ರಾಯಣ್ಣನ ಇಡೀ ಹೋರಾಟ ಚಕಮಕಿ ಕಾಲದ್ದು. ಕಂಪನಿ ಸಿಪಾಯಿ ಕೈಯಾಗ 39 ಇಂಚಿನ ಇಂಡಿಯಾ ಪ್ಯಾಟರ್ನ್ ಇರಬೇಕು, ನಮ್ಮವರ ಕೈಯಾಗ ಉರಿಯೋ ಬತ್ತಿ ಮುಟ್ಟಿಸಿ ಹೊಡಿಯೋ ಜಾಮಗಿ ಬಂದೂಕೂ ಇರಬೇಕು, ಕಸಗೊಂಡ ಕಂಪನಿ ಬಂದೂಕೂ ಇರಬೇಕು. ಎರಡೂ ಕಡೀಗೆ ಒಂದೇ ಎನ್‌ಫೀಲ್ಡ್ ಕೊಟ್ಟರ ಯಾರು ಯಾರ ಮ್ಯಾಲೆ ಎದ್ದಾರ ಅನ್ನೋದ ತಿಳಿಯಂಗಿಲ್ಲ. ಹಲಗಲಿ ಬೇಡರು 1857ರಾಗ ಎದ್ದದ್ದೇ ನಿಮ್ಮ ಆಯುಧ ಒಪ್ಪಿಸ್ರಿ ಅಂತ ಬ್ರಿಟಿಷರು ಅಂದದ್ದಕ್ಕ. ಲಾವಣಿ ಕಟ್ಟಿ ಹಾಡೋ ಜನ ನಾವು, ಆಯುಧ ಅಂದ್ರ ನಮ್ಮ ಕಡೆ ಅದು ಮಾನ.

ಪಟ್ನದವ
ಎಲ್ಲಾ ಓದ್ದೆ. ನಾನು ಶ್ರೀರಂಗಪಟ್ಣದವನು, ಗಂಜಾಂ. 1799ರ ವಿಷ್ಯ ಬಂದಿದ್ದಕ್ಕೆ ಸುಮ್ನಿರಕ್ಕಾಗ್ಲಿಲ್ಲ.

ಟಿಪ್ಪು ಕಡೆಯವರ ಕೈಗೆ ಸಿನಿಮಾದವರು ಏನೋ ಒಂದು ಹಳೇ ಬಂದೂಕು ಕೊಟ್ಬಿಡ್ತಾರೆ, ಬ್ರಿಟಿಷರದ್ದು ಮಾತ್ರ ಸ್ವಲ್ಪ ನೀಟಾಗಿ ಇರ್ಲಿ ಅಂತಾರೆ. ನಿಜ ಅಂದ್ರೆ ಪಟ್ಣದಲ್ಲೂ ನಗರದಲ್ಲೂ (ಬಿದನೂರು) ಟಿಪ್ಪುದು ಕಾರ್ಖಾನೆ ಇತ್ತು, ಯುರೋಪಿನ ಚಕಮಕಿ ಕೋವಿ ನೋಡಿ ಇಲ್ಲಿನ ಕಮ್ಮಾರರೇ ಮಾಡ್ತಿದ್ರು. ಟಿಪ್ಪುಗೆ ಅಂತ ಮಾಡಿದ ಕೋವಿಗಳು ಈಗ ಲಂಡನ್ನು ವಿಂಡ್ಸರ್ ಕಡೆ ಇವೆ, ಲೂಟಿಲಿ ಹೋದವು. ಕುದುರೆ ಹುಲಿ ಆಕಾರದಲ್ಲಿ, ಮೈ ಮೇಲೆ ಬಬ್ರಿ ಅಂತಾರಲ್ಲ ಆ ಹುಲಿಪಟ್ಟೆ, ಹೈದರ್ ಅನ್ನೋ ಮುದ್ರೆ, ಪಟ್ಣದಲ್ಲಿ ಮಾಡಿದ್ದಾದ್ರೆ ಪಟ್ಣ ಅಂತ ಬರೆದಿರುತ್ತೆ. ಇಸವಿ ಹಾಕಿರೋದು ಟಿಪ್ಪುನೇ ತಂದ ಮೌಲೂದಿ ಅನ್ನೋ ವರ್ಷದ ಲೆಕ್ಕದಲ್ಲಿ, ಅಂಕಿ ಬಲದಿಂದ ಎಡಕ್ಕೆ ಓದ್ಬೇಕು. ಇವು ಅರಮನೆ ಕೋವಿಗಳು, ಸಾಮಾನ್ಯ ಸಿಪಾಯಿ ಕೈಲಿ ಹುಲಿ ಕುದುರೆ ಇಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಟಿಪ್ಪು ಪಾತ್ರಧಾರಿ ಕೈಲಿ ಇಡಬಹುದಲ್ವಾ? ಒಂದೇ ಒಂದು ಮಾಡ್ಸಿ!

ದರಿಯಾ ದೌಲತ್ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಬ್ರಿಟಿಷರ ದಂಡನಾಯಕ ಬೈಲಿ ಪಲ್ಲಕ್ಕೀಲಿ ಕೂತಿದಾನೆ, ಸುತ್ತ ಕೆಂಪು ಕೋಟಿನವರು ಚೌಕ ಕಟ್ಟಿ ಬಂದೂಕು ಹಿಡಿದಿದಾರೆ. ಸುಮಾರು ಜನ ಅದನ್ನ ನೋಡಿ ಬಂದೂಕಿನ ಪುರಾವೆ ಅಂತಾರೆ. ನನ್ನ ಮಾತು, ಸಾಲು ಹೇಗೆ ನಿಂತಿತ್ತು, ಸಮವಸ್ತ್ರ ಹೇಗೆ ಅನ್ನೋದಕ್ಕೆ ಆ ಚಿತ್ರ ಬೇಕು, ಲಾಕಿನ ವಿವರಕ್ಕೆ ಅದನ್ನ ನಂಬ್ಬೇಡಿ, ಯಾಕಂದ್ರೆ ಆಮೇಲೆ ಅದಕ್ಕೆ ಒಂದಕ್ಕಿಂತ ಹೆಚ್ಚು ಸಲ ಮತ್ತೆ ಬಣ್ಣ ಬಳಿದಿದಾರೆ.

ಟೈಮ್‌ಪಾಸ್ ಪ್ರೇಕ್ಷಕ
ಅಲ್ಲಾ ಸ್ವಾಮಿ, ಸಿನಿಮಾ ನೋಡೋರು ಕಥೆ ನೋಡ್ತಾರೆ, ಅಳ್ತಾರೆ, ಎದ್ದು ಬರ್ತಾರೆ. ಪಿನ್ನು ಪಟ್ಟಿ ಯಾರಿಗ್ ಬೇಕು?

ಆರ್ಟ್ ಡಿಪಾರ್ಟ್‌ಮೆಂಟ್
ನಿಮ್ಗೆ ಬೇಡ ಸರಿ. ಆದ್ರೆ ಕಲ್ಲು ಹಾಕಿ ರಂಜಕ ತುಂಬಿ ಹೊಡೀಬೇಕಾದ್ರೆ ಮಳೆ ಬಂದ್ರೆ ಸೋಲು, ಕೈ ನಡುಗಿದ್ರೆ ಸೋಲು, ನಿಮಿಷಕ್ಕೆ ಮೂರೇ ಗುಂಡು. ಅದಕ್ಕೇ ಕೋಟೆ ಮೇಲಿಂದ ಹಾರಿ ಕತ್ತೀಲಿ ನುಗ್ಗೋನಿಗೆ ಅವಕಾಶ ಇತ್ತು. ಕೈಲಿರೋ ಕೋವಿ ತಪ್ಪಾದ್ರೆ ನಾಯಕ ಯಾಕೆ ಆ ಕ್ಷಣದಲ್ಲೇ ನುಗ್ಗಿದ ಅನ್ನೋದೇ ಗೊತ್ತಾಗಲ್ಲ. ಕಥೇನೇ ಅದ್ರಲ್ಲಿದೆ.

ಜರ್ಸಿ ಕನ್ನಡಿಗ
ಪಟ್ನದವ ಅವ್ರ ಮಾತಿಗೆ ಒಂದು ಸೇರಿಸ್ತೀನಿ. ಇಂಡಿಯಾ ಪ್ಯಾಟರ್ನಲ್ಲೇ ಹಳೇದು ಹೊಸದು ಅಂತ ಇದೆ. ಕುದುರೆಯ ಕತ್ತು ಹಂಸದ ಕತ್ತಿನ ಥರ ತೆಳ್ಳಗೆ ಬಾಗಿದ್ರೆ ಹಳೇದು. 1809ರಿಂದ ಕತ್ತಿಗೆ ಬಲ ಬರ್ಲಿ ಅಂತ ದಪ್ಪ ಮಾಡಿ ನಡುವೆ ಉಂಗುರದ ಥರ ತೂತು ಬಿಟ್ರು. ಹಾಗಾಗಿ 1799ರ ಶ್ರೀರಂಗಪಟ್ಣದ ದೃಶ್ಯದಲ್ಲಿ ಉಂಗುರದ ಕತ್ತು ಕಂಡ್ರೆ ತಪ್ಪು, 1824ರ ಕಿತ್ತೂರಿಗೆ ಎರಡೂ ನಡೆಯುತ್ತೆ. ಕಂಪನಿ ಕೋವಿ ಅನ್ನೋಕೆ ಲಾಕ್ ಮೇಲೆ ಹೃದಯದ ಆಕಾರದ ಗುರುತು, ಒಳಗೆ ಕಂಪನಿ ಅಕ್ಷರಗಳು. 19ನೇ ಶತಮಾನದ ಶುರುವಿಂದ ಅದರ ಬದಲು ಎದ್ದು ನಿಂತ ಸಿಂಹ ಬಂತು.

ನಿಜವಾದ ಇಂಡಿಯಾ ಪ್ಯಾಟರ್ನ್ ಈಗಲೂ ಇಲ್ಲಿ ಸಿಗುತ್ತೆ. 2003ರಲ್ಲಿ ಕಠ್ಮಂಡುವಿನ ಹಳೇ ಅರಮನೆ ಆಯುಧಶಾಲೆ ದಾಸ್ತಾನು, ಸಾವಿರಾರು ಕೋವಿ, ಮಣ್ಣು ಗ್ರೀಸು ಮೆತ್ತಿಕೊಂಡೇ ವ್ಯಾಪಾರಿಗಳು ಕೊಂಡು ತಂದ್ರು, ಅದರಲ್ಲಿ ಕಂಪನಿದೂ ಇತ್ತು, ಅದನ್ನ ನೋಡಿ ನೇಪಾಳದವರೇ ಮಾಡಿದ್ದೂ ಇತ್ತು.

ಒಂಟಿಕೊಪ್ಪಲ್ ಹುಡ್ಗ
ಮತ್ತೆ ಬಂದೆ. ರಾತ್ರಿ ಪೂರ್ತಿ ಸಿನಿಮಾ ಇನ್ನೊಂದ್ಸಲ ನಿಧಾನಕ್ಕೆ ಓಡಿಸ್ದೆ. ಹಿಂದಿನ ಸಾಲೆಲ್ಲ ಟ್ರಾಪ್‌ಡೋರ್, ಉಬ್ಬು ಸ್ಪಷ್ಟ. ಆದ್ರೆ 52ನೇ ನಿಮಿಷದಲ್ಲಿ ಒಬ್ಬ ಸಾರ್ಜೆಂಟ್ ಕ್ಯಾಮೆರಾ ಹತ್ರ ಬರ್ತಾನೆ, ಅವನ ಕೈಲಿರೋದಕ್ಕೆ ಪಟ್ಟಿ ಇಲ್ಲ, ಉಬ್ಬಿಲ್ಲ, ಪಿನ್ನಿನ ಚುಕ್ಕಿ ಇದೆ!! ಫ್ರೇಮ್ ಹಾಕಿದೀನಿ. ಇದು ನಿಜವಾದ ಶಾರ್ಟ್ ಲ್ಯಾಂಡಾ?

ಜರ್ಸಿ ಕನ್ನಡಿಗ
ಗಜ ಕೂರೋ ಕೊಳವೆ ಎಣಿಸಿ. ನಳಿಗೆ ಕೆಳಗೆ ಹಿತ್ತಾಳೆ ಕೊಳವೆಗಳಿರುತ್ತೆ. ಲಾಂಗ್ ಲ್ಯಾಂಡು ಶಾರ್ಟ್ ಲ್ಯಾಂಡಿಗೆ ಒಟ್ಟು ನಾಲ್ಕು, ಖರ್ಚು ಉಳಿಸೋಕೆ ಇಂಡಿಯಾ ಪ್ಯಾಟರ್ನಲ್ಲಿ ಮೂರಕ್ಕೆ ಇಳಿಸಿದ್ರು.

ಒಂಟಿಕೊಪ್ಪಲ್ ಹುಡ್ಗ
ಮೂರು. ಎರಡು ಸಲ ಎಣಿಸ್ದೆ, ತಂಗಿ ಹತ್ರಾನೂ ಎಣಿಸ್ದೆ, ಮೂರೇ. ಕತ್ತು ಉಂಗುರದ್ದು.

ಜರ್ಸಿ ಕನ್ನಡಿಗ
ಹಾಗಾದ್ರೆ ಇಂಡಿಯಾ ಪ್ಯಾಟರ್ನ್, 1809 ಆದ್ಮೇಲಿನದ್ದು. 1776ರ ಕಥೆಗೆ ಅದೂ ಮೂವತ್ತು ವರ್ಷ ಮುಂಚೆ ಬಂದ್ಬಿಟ್ಟಿದೆ. ಆದ್ರೆ ನಕಲಲ್ಲ ಅನ್ಸುತ್ತೆ, ಇಟಲಿ ನಕಲುಗಳು ಬರೋ ಮುಂಚಿನ ಸಿನಿಮಾ ಅದು, ಕಠ್ಮಂಡು ದಾಸ್ತಾನೂ ಆಗ ಹೊರಗೆ ಬಂದಿರಲಿಲ್ಲ. ಯಾರದೋ ಸಂಗ್ರಹದಿಂದ ಅಸಲಿ ಕೋವಿ ಒಂದು ಸೆಟ್ಟಿಗೆ ಹೋಗಿದೆ. ಒಳ್ಳೇ ಕಣ್ಣು ನಿಮ್ದು.

ಪಟ್ನದವ
ಲಾಕ್ ಮೇಲೆ ಸಿಂಹ ಇದೆಯಾ ನೋಡಿ!

ಒಂಟಿಕೊಪ್ಪಲ್ ಹುಡ್ಗ
ಅವನ ಕೈ ಅಡ್ಡ ಇದೆ ಸಾರ್, ಲಾಕ್ ಅರ್ಧ ಮಾತ್ರ ಕಾಣ್ಸುತ್ತೆ. ಇನ್ನೂ ಒಳ್ಳೇ ಪ್ರಿಂಟ್ ಹುಡುಕ್ತಿದೀನಿ.

ಆರ್ಟ್ ಡಿಪಾರ್ಟ್‌ಮೆಂಟ್
ಜರ್ಸಿಯವರೇ, ನಿಮ್ಮ ಶಾರ್ಟ್ ಲ್ಯಾಂಡಿನ ಲಾಕಿನ ಅಳತೆ ಸಮೇತ ಫೋಟೋ ಕಳಿಸ್ತೀರಾ, ಎರಡೂ ಕಡೆಯಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು? ಹಂಸದ ಕತ್ತಿಂದು ಒಂದು ಅಚ್ಚು ಸ್ವಂತ ಖರ್ಚಲ್ಲಿ ಮಾಡಿ ಇಡ್ತೀನಿ. ಕೇಪಿನ ಕೋವಿ ಸಾರ್, ನಿಮ್ಮನೇದೂ ಬೇಕು, ಮಲೆನಾಡು ಕಥೆಗಳಿಗೆ ಆಗುತ್ತೆ.

ಜರ್ಸಿ ಕನ್ನಡಿಗ
ಶನಿವಾರ ಕಳಿಸ್ತೀನಿ. ಲಾಕ್ ಬಿಚ್ಚಿ ಒಳಗಿಂದೂ ಹಾಕ್ತೀನಿ.

ಕೇಪಿನ ಕೋವಿ
ನಮ್ದು ಎಲೆಕ್ಷನ್ ಅಂತ ಸ್ಟೇಷನ್ನಲ್ಲಿ ಡಿಪಾಸಿಟ್ ಆಗಿದೆ ಮಾರಾಯ್ರೆ. ವಾಪಸ್ ಕೊಟ್ಟ ದಿನ ತೊಳೆದು ಎಣ್ಣೆ ಹಚ್ಚುವಾಗ ಫೋಟೋ ತೆಗ್ದು ಇಲ್ಲೇ ಹಾಕ್ತೀನಿ, ಅಪ್ಪ ಹಿಡ್ಕೊಂಡಿರ್ತಾರೆ.